ಬಸುರಿಯರ ಪಟ್ಟಿಯಲ್ಲಿ ನಾನು ಬರೆಯದೆ ಬಿಟ್ಟದ್ದು

ಹೋದ ವಾರ ಕರಜಗಿಯ ಉಪಕೇಂದ್ರದಿಂದ ಸುಜಾತಾ ಫೋನ್ ಮಾಡಿದ್ದಳು. ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ಹುಡುಗಿ ಇವಳು. ಜೇವರ್ಗಿ ಕಡೆಯವಳು, ಕೆಲಸದಲ್ಲಿ ಚುರುಕು, ಮಾತಿಗಿಂತ ಮೊದಲು ನಗು.

"ಅಕ್ಕಾರ, ಬಸರಿ ಹೆಣ್ಮಕ್ಕಳು ಏನ್ ತಿನ್ನಬಾರ್ದು, ಏನ್ ಕುಡೀಬಾರ್ದು ಅಂತ ನೀವೊಂದು ಪಟ್ಟಿ ಮಾಡಿದ್ರಂತಲ್ರಿ. ಆಶಾ ಕಾರ್ಯಕರ್ತಿ ಹೇಳಿದ್ಲು. ಅದರ ಫೋಟೋ ಕಳಸ್ರಿ, ಗೋಡಿಗಿ ಹಚ್ತೇನಿ," ಎಂದಳು. ಆಮೇಲೆ ದನಿ ತಗ್ಗಿಸಿ, "ನನಗೂ ಬೇಕಾಗೇದ್ರಿ. ನಾಕು ತಿಂಗಳು," ಎಂದಳು.

ಕೇಳಿ ಸಂತೋಷವಾಯಿತು. ಆದರೆ ಕಳಿಸಲು ನನ್ನ ಹತ್ತಿರ ಪಟ್ಟಿ ಇಲ್ಲ. ಅದನ್ನು ನನ್ನ ಕೈಯಾರೆ ಹರಿದು ಹಾಕಿದ್ದೇನೆ. ಯಾಕೆ ಹರಿದೆ ಎಂಬುದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. "ಬರೆದಿಡ್ತೇನಿ, ರಜಾ ದಿನ ಆಳಂದಕ್ಕೆ ಬಂದು ಒಯ್ಯಿ," ಎಂದೆ. ಅವಳಿಗಾಗಿ ಬರೆಯಲು ಕುಳಿತದ್ದು ಇದು. ಈ ಕೆಲಸಕ್ಕೆ ಹೊಸದಾಗಿ ಸೇರಿದ ಬೇರೆ ಹುಡುಗಿಯರೂ ಓದಲಿ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿಲ್ಲ. ಅದರಿಂದ ಯಾವ ಬಾಣಂತಿಗೂ ಉಪಯೋಗವಿಲ್ಲ.

ನನ್ನ ಮೊದಲ ನೇಮಕ ಆಳಂದ ತಾಲ್ಲೂಕಿನ ಖಜೂರಿ. ಊರು ದಾಟಿದರೆ ಮಹಾರಾಷ್ಟ್ರ. ಹಗಲೆಲ್ಲ ಲಾರಿಗಳ ಸದ್ದು, ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಆದೇಶದ ಕಾಗದದಲ್ಲಿ ನಾನು ಕಿರಿಯ ಆರೋಗ್ಯ ಸಹಾಯಕಿ, ಊರವರ ಬಾಯಲ್ಲಿ ಸಿಸ್ಟರ್. ಆಗಿನ ನಮ್ಮ ಡಾಕ್ಟರು ಮೂಗಿನ ತುದಿಯಲ್ಲಿ ಸಿಟ್ಟಿರುವ ಮನುಷ್ಯ. ಗೋಡೆ ಬೋಳಾಗಿ ಕಂಡರೆ ಅವರಿಗೆ ಕೆಲಸವೇ ಆಗಿಲ್ಲ ಎಂದು ಅನಿಸುತ್ತಿತ್ತು. "ಏನಾರ ಬರದು ಹಚ್ಚವ್ವಾ, ಮ್ಯಾಲಿನವರು ಬಂದ್ರ ಕಾಣಬೇಕು," ಎಂದರು.

ನಾನು ಡ್ರಾಯಿಂಗ್ ಶೀಟು ತಂದು ಕೆಂಪು ಶಾಯಿಯಲ್ಲಿ ಬರೆದೆ. ಬಸುರಿಯರು ತಿನ್ನಬಾರದ, ಕುಡಿಯಬಾರದ ಪದಾರ್ಥಗಳು. ಪಪ್ಪಾಯಿಕಾಯಿ, ಕಾಯಿಸದ ಹಾಲು, ಅರೆಬೆಂದ ತತ್ತಿ, ಸೆರೆ, ಸೇಂದಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಬರೆದೆ. ಅಷ್ಟಕ್ಕೆ ಹಾಳೆಯ ಕೆಳಗಿನ ಅರ್ಧ ಖಾಲಿ ಉಳಿಯಿತು. ಖಾಲಿ ಕಂಡರೆ ಡಾಕ್ಟರು ಬೈದಾರು ಎಂದು ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದದ್ದನ್ನೂ ಸೇರಿಸಿದೆ. ಬದನೆಕಾಯಿ ನಂಜು, ಎಳ್ಳು ಉಷ್ಣ, ಮೊಸರು ಶೀತ, ಜೋಡಿ ಬಾಳೆಹಣ್ಣು ತಿಂದರೆ ಅವಳಿ. ಇಪ್ಪತ್ತೆರಡು ಸಾಲಾಯಿತು. ಡಾಕ್ಟರು ಓದಲಿಲ್ಲ, ದೂರದಿಂದಲೇ ನೋಡಿ "ಶಾಭಾಶ್" ಎಂದರು.

ಓದಿಸಿಕೊಂಡವಳು ಊರಿನ ಒಬ್ಬ ಮುದುಕಿ. ಸೊಸೆಯನ್ನು ತಪಾಸಣೆಗೆ ಕರೆತಂದಿದ್ದಳು. ಒಂದೊಂದು ಸಾಲಿಗೂ ತಲೆದೂಗಿ ಕೊನೆಗೆ ಸೊಸೆಯ ಕಡೆ ತಿರುಗಿ, "ನೋಡ್ದೇನು? ನಾ ಹೇಳಿದ್ದಕ್ಕ ಈಗ ಸರ್ಕಾರದ ಶಿಕ್ಕಾನೂ ಬಿತ್ತು," ಎಂದಳು. ಸೊಸೆ ತಲೆ ತಗ್ಗಿಸಿದಳು. ನಾನು ಹಿಗ್ಗಿದೆ. ಆ ಹುಡುಗಿಯ ತಟ್ಟೆಯಿಂದ ಅವತ್ತು ಎಷ್ಟು ಪದಾರ್ಥ ಎದ್ದು ಹೋದವು ಎಂದು ಲೆಕ್ಕ ಹಾಕುವ ಬುದ್ಧಿ ನನಗಿರಲಿಲ್ಲ. ಆ ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೋದ ಹೋದ ಊರಿನಲ್ಲೆಲ್ಲ ಹಚ್ಚಿದೆ.

ಅಲ್ಲಿಂದ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಕಲಿತದ್ದು ಒಂದೇ ಪಾಠ. ಕೇಳಿದ್ದಕ್ಕೆ ಮಾತ್ರ ಜನ ಉತ್ತರ ಕೊಡುತ್ತಾರೆ. ಒಬ್ಬ ಬಸುರಿ ಬಿಳಚಿಕೊಂಡಿದ್ದಳು. ಏನು ತಿನ್ನುತ್ತೀ ಎಂದರೆ "ರೊಟ್ಟಿ, ಬ್ಯಾಳಿ, ಪಲ್ಯ," ಎಂದಳು. ಎಲ್ಲ ಸರಿಯಿತ್ತು. ಎರಡು ತಿಂಗಳಾದ ಮೇಲೆ ಅವಳ ನಾದಿನಿ ದೂರು ತಂದಳು. "ನಮ್ಮನಿಯಾಗ ಹುಡುಗರ ಬಳಪ ಉಳಿಯಂಗಿಲ್ರಿ. ಇಕಿ ಕಡದ್ ತಿಂತಾಳ." ಹುತ್ತದ ಮಣ್ಣೂ ತಿನ್ನುತ್ತಿದ್ದಳಂತೆ. ನಾನು ಗದರಿಸಿದರೆ ಆಕೆ, "ನೀವು ಊಟ ಏನಂತ ಕೇಳಿದ್ರಿ. ಮಣ್ಣು ಊಟ ಏನ್ರಿ?" ಎಂದಳು. ಮಾತು ನ್ಯಾಯವಾಗಿಯೇ ಇತ್ತು. ನಾನು ನಕ್ಕು, ಜಂತಿನ ಗುಳಿಗೆ ಕೊಟ್ಟು, ಪಟ್ಟಿಗೆ ಇಪ್ಪತ್ಮೂರನೆಯ ಸಾಲು ಸೇರಿಸಿ ಸುಮ್ಮನಾದೆ. ಪಾಠ ಕಲಿತೆ ಎಂದೆನಲ್ಲ, ಅರ್ಧ ಮಾತ್ರ ಕಲಿತಿದ್ದೆ.

ಇನ್ನು ಕರಜಗಿಯ ವಿಷಯ. ಅಫಜಲಪುರ ತಾಲ್ಲೂಕು, ನೀರಿದ್ದ ಹೊಲದಲ್ಲಿ ಕಬ್ಬು, ಉಳಿದದ್ದರಲ್ಲಿ ತೊಗರಿ, ಜೋಳ. ಅಲ್ಲಿ ಗೌರಾಬಾಯಿ ಎಂಬ ಹೆಣ್ಣುಮಗಳ ಮನೆ. ಹಣೆ ತುಂಬ ವಿಭೂತಿ, ಗಟ್ಟಿ ದನಿ, ಊರಿನಲ್ಲಿ ಅವಳ ಮಾತಿಗೆ ತೂಕವಿತ್ತು. ಅವಳ ಸೊಸೆ ಮಹಾದೇವಿ. ಮಹಾದೇವಿಯ ಮೊದಲ ಕೂಸು ಒಂದೂವರೆ ಕಿಲೋಕ್ಕೂ ಕಡಿಮೆ ಹುಟ್ಟಿ ಎಂಟನೆಯ ದಿನ ಹೋಗಿತ್ತು. ಎರಡನೆಯದು ಏಳು ತಿಂಗಳಿಗೆ ಹೊಟ್ಟೆಯಲ್ಲೇ ತೀರಿತ್ತು. ನಾನು ಆ ಊರಿಗೆ ಹೋದಾಗ ಅವಳಿಗೆ ಮೂರನೆಯದು, ಮೂರು ತಿಂಗಳು. ರಕ್ತ ಪರೀಕ್ಷೆ ಮಾಡಿದರೆ ಹನ್ನೊಂದಿರಬೇಕಾದ ಕಡೆ ಎಂಟು. ಕಬ್ಬಿಣದ ಗುಳಿಗೆ ಕೊಟ್ಟೆ.

ಗೌರಾಬಾಯಿ ನನ್ನ ಎರಡೂ ಕೈ ಹಿಡಿದುಕೊಂಡು, "ಸಿಸ್ಟರ್ರಿ, ಈ ಕೂಸು ಉಳೀಬೇಕು. ನೀವು ಹಾಕಿದ ಗೆರಿ ದಾಟಂಗಿಲ್ಲ. ಏನ್ ಬಿಡಬೇಕು ಹೇಳ್ರಿ," ಎಂದಳು.

ನಾನು ಏನು ಹೇಳಿದೆ? ಗೋಡೆಯ ಮೇಲಿನ ಪಟ್ಟಿ ಓದಿ ಹೇಳಿದೆ. ಎಲ್ಲ ಇಪ್ಪತ್ಮೂರು ಸಾಲು.

ಗೌರಾಬಾಯಿ ನುಡಿದಂತೆ ನಡೆಯುವ ಹೆಂಗಸು. ನನ್ನ ಪಟ್ಟಿಯ ಜೊತೆಗೆ ತನ್ನದನ್ನೂ ಜೋಡಿಸಿ ಸೊಸೆಯ ತಟ್ಟೆಯಲ್ಲಿ ಬಿಳಿ ಜೋಳದ ರೊಟ್ಟಿ, ಸಪ್ಪನ ಬೇಳೆ ಉಳಿಸಿದಳು. ಕೂಸು ದೊಡ್ಡದಾದರೆ ಹೆರಿಗೆ ಕಷ್ಟ ಎಂದು ರೊಟ್ಟಿಯೂ ಒಂದೂವರೆ. ಹಸಿವಾದರೆ ಚಹಾ. ಶ್ರಾವಣ ಸೋಮವಾರ ಉಪವಾಸ, ಅವತ್ತೂ ದಿನವಿಡೀ ಚಹಾ. ಎರಡು ತಿಂಗಳಾದರೂ ರಕ್ತ ಎಂಟರಿಂದ ಮೇಲೇಳಲಿಲ್ಲ. ನಾನು ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಮಹಾದೇವಿಯನ್ನು ಬೈದೆ.

"ಗುಳಿಗಿ ತಿಪ್ಪಿಗಿ ಒಗಿಯಾಕತ್ತೀ ನೀ. ಕೂಸು ಕರ್ರಗ ಹುಟ್ತದ ಅಂತ ಯಾರರ ಹೇಳಿರಬೇಕು."

ಅವಳು ಎದುರಾಡುವವಳಲ್ಲ. ಕಣ್ಣಲ್ಲಿ ನೀರು ತಂದಳು. ಗೌರಾಬಾಯಿ ಒಳಗೆ ಹೋಗಿ ಗುಳಿಗೆಯ ಖಾಲಿ ಕವಚಗಳನ್ನೆಲ್ಲ ತಂದು ನನ್ನ ಮುಂದೆ ಸುರಿದಳು.

"ನನ್ನ ಎದುರೇ ನುಂಗ್ಯಾಳ್ರಿ. ಮುಂಜಾನಿ ಒಂದು, ಸಂಜಿಕಿ ಒಂದು. ಬಿಸಿ ಬಿಸಿ ಚಾದ ಕೂಡ."

ಚಹಾದ ಜೊತೆ! ಚಹಾ ಗುಳಿಗೆಯ ಕಬ್ಬಿಣವನ್ನು ರಕ್ತಕ್ಕೆ ಸೇರಗೊಡುವುದಿಲ್ಲ ಎಂದು ನನಗೆ ತರಬೇತಿಯಲ್ಲೇ ಹೇಳಿದ್ದರು. ಜೋಡಿ ಬಾಳೆಹಣ್ಣಿಗೆ ಜಾಗ ಕೊಟ್ಟ ನಾನು ಅದನ್ನು ಬರೆದಿರಲಿಲ್ಲ. ನಾನು ಮಹಾದೇವಿಯ ಕ್ಷಮೆ ಕೇಳಿದೆ. ಸುಜಾತಾ, ತಪ್ಪಾದಾಗ ಅಲ್ಲೇ, ಅವರ ಕಟ್ಟೆಯ ಮೇಲೆಯೇ ಕೇಳಬೇಕು. ಕಚೇರಿಗೆ ಬಂದು ಮನಸ್ಸಿನಲ್ಲಿ ಕೇಳಿಕೊಂಡರೆ ಅದು ಲೆಕ್ಕಕ್ಕಿಲ್ಲ.

ಅವತ್ತಿನಿಂದ ಗುಳಿಗೆಗೆ ನಿಂಬೆಹಣ್ಣಿನ ನೀರು, ಚಹಾ ಊಟಕ್ಕೂ ಗುಳಿಗೆಗೂ ಬಹಳ ಹೊತ್ತು ದೂರ, ದಿನಕ್ಕೆ ಒಂದೇ ಬಟ್ಟಲು. ನದಿಯ ನೀರಾದರೆ ಕುದಿಸಿ ಕುಡಿಯುವುದು. ಉಪವಾಸ ಬಂದ್. ಅವರು ತತ್ತಿ ತಿನ್ನುವ ಮಂದಿಯಲ್ಲ, ಅದರ ಮಾತೇ ಎತ್ತಲಿಲ್ಲ. ಶೇಂಗಾ ಬೆಲ್ಲ, ಮೆಂತ್ಯದ ಪಲ್ಯ, ಹೆಸರುಕಾಳು, ಎಳ್ಳಿನ ಚಟ್ನಿಪುಡಿ, ಮೊಸರು. ನಾನೇ ಬೇಡವೆಂದಿದ್ದ ಬದನೆಕಾಯಿ ಎಣ್ಣೆಗಾಯಿಯಾಗಿ ತಟ್ಟೆಗೆ ಮರಳಿತು. ಮಹಾದೇವಿ ಅದನ್ನು ತಿನ್ನುವಾಗ ಅವಳ ಮುಖ ನೋಡಬೇಕಿತ್ತು. ಒಂದು ತಿಂಗಳಿಗೆ ರಕ್ತ ಒಂಬತ್ತು ದಾಟಿತು. ಗೆದ್ದೆ ಎಂದುಕೊಂಡೆ.

ಅವತ್ತು ಮಧ್ಯಾಹ್ನ ಆ ಮನೆಯಲ್ಲೇ ಊಟವಾಯಿತು. ಊಟವಾದ ಮೇಲೆ ರೂಢಿಯಂತೆ ಚೀಲದಿಂದ ನನ್ನ ಮಿಶ್ರಿ ಡಬ್ಬಿ ತೆಗೆದೆ. ಗೌರಾಬಾಯಿ ತನ್ನದನ್ನು ತೆಗೆದಳು. ಮಹಾದೇವಿ ಅತ್ತೆಯ ಡಬ್ಬಿಗೆ ಬೆರಳು ಹಾಕಿದಳು. ಮೂವರೂ ಕಟ್ಟೆಯ ಮೇಲೆ ಸಾಲಾಗಿ ಕುಳಿತು, ತೋರುಬೆರಳಿನಿಂದ ಒಸಡು ತಿಕ್ಕುತ್ತ, ಕೂಸಿನ ಒಳ್ಳೆಯದರ ಬಗ್ಗೆ ಮಾತಾಡಿದೆವು.

ಈ ಕಡೆಯವರಲ್ಲದವರಿಗೆ ಹೇಳುತ್ತೇನೆ. ತಂಬಾಕನ್ನು ಹಂಚಿನ ಮೇಲೆ ಕರ್ರಗಾಗುವಂತೆ ಹುರಿದು ಪುಡಿ ಮಾಡಿದರೆ ಮಿಶ್ರಿ. ನಮ್ಮಲ್ಲಿ ಹೆಣ್ಣುಮಕ್ಕಳು ಮುಂಜಾನೆ ಹಲ್ಲಿಗೆ ತಿಕ್ಕುತ್ತಾರೆ. ಆಮೇಲೆ ಊಟದ ನಂತರ, ಬೇಸರವಾದಾಗ, ಹಸಿವು ಮರೆಸಲು, ಹೀಗೆ ದಿನಕ್ಕೆ ಐದಾರು ಸಲವಾಗುತ್ತದೆ. ನನಗೆ ಅಜ್ಜಿ ಕಲಿಸಿದಾಗ ನಾನಿನ್ನೂ ಲಂಗ ಉಡುತ್ತಿದ್ದೆ. ತಂಬಾಕು ಎಂದರೆ ಗಂಡಸರು ಸುಣ್ಣ ಹಚ್ಚಿ ದವಡೆಗಿಡುವುದು, ಇಲ್ಲವೇ ಬೀಡಿ. ಮಿಶ್ರಿ ಎಂದರೆ ಹಲ್ಲಿನ ಪುಡಿ. ತಿನ್ನುವುದೂ ಅಲ್ಲ, ಕುಡಿಯುವುದೂ ಅಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಆ ತಿಂಗಳು ನಮ್ಮ ಆಸ್ಪತ್ರೆಗೆ ಮೈಸೂರು ಕಡೆಯ ಹೊಸ ಡಾಕ್ಟರಮ್ಮ ಬಂದಿದ್ದರು. ವಯಸ್ಸಿನಲ್ಲಿ ನನ್ನ ಮಗಳಂತಿದ್ದರು. ತಿಂಗಳ ಸಭೆಯಲ್ಲಿ, ಬಸುರಿಯರ ವಿವರ ನಾನು ತುಂಬಿದ್ದ ತಾಯಿ ಕಾರ್ಡುಗಳನ್ನು ಒಂದೊಂದಾಗಿ ತಿರುವಿ ನೋಡಿ ಕೇಳಿದರು.

"ಸಿಸ್ಟರ್, ನಿಮ್ಮ ಊರಲ್ಲಿ ಯಾವ ಹೆಂಗಸೂ ತಂಬಾಕು ಬಳಸಲ್ವಾ? ಎಲ್ಲದರಲ್ಲೂ 'ಇಲ್ಲ' ಅಂತ ಬರೆದಿದ್ದೀರಿ."

"ನಮ್ಮ ಹೆಣ್ಮಕ್ಕಳು ಅಂಥಾದ್ದು ಮುಟ್ಟಂಗಿಲ್ರಿ ಮೇಡಂ," ಎಂದೆ. ದನಿಯಲ್ಲಿ ಹೆಮ್ಮೆಯಿತ್ತು.

ಅವರು ಮೇಜಿನ ಮೇಲಿದ್ದ ನನ್ನ ಬಲಗೈಯನ್ನೇ ನೋಡುತ್ತಿದ್ದರು. "ಬೆರಳಿಗೆ ಏನಾಯ್ತು? ಸುಟ್ಕೊಂಡ್ರಾ?"

"ಇಲ್ರಿ, ಮಿಶ್ರಿ ಕಲಿ ಅದು. ಹಲ್ಲಿಗಿ ತಿಕ್ಕೋದು."

"ಯಾವುದರಿಂದ ಮಾಡ್ತಾರೆ ಅದನ್ನ?"

"ತಂಬಾಕು ಹಂಚಿನ ಮ್ಯಾಲ ಹುರದು..." ಎಂದು ಶುರು ಮಾಡಿದವಳು ಅಲ್ಲೇ ನಿಂತೆ. ಮೂವತ್ತು ಜನ ಕುಳಿತ ಸಭೆ. ಅರ್ಧಕ್ಕರ್ಧ ಜನ ತಮ್ಮ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡರು.

ಡಾಕ್ಟರಮ್ಮ ದನಿ ಎತ್ತಲಿಲ್ಲ. "ಒಸಡಿನಿಂದ ನೇರವಾಗಿ ರಕ್ತಕ್ಕೆ ಹೋಗುತ್ತೆ ಸಿಸ್ಟರ್. ಕೂಸಿಗೆ ಸಿಗಬೇಕಾದ್ದು ಕಡಿಮೆ ಆಗುತ್ತೆ. ತೂಕ ಇಳಿಯುತ್ತೆ. ಹೊಟ್ಟೆಯಲ್ಲೇ ಹೋಗುವುದೂ ಉಂಟು," ಎಂದು ಹೇಳಿ ಕಾರ್ಡುಗಳನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು. ಉಪಕೇಂದ್ರಕ್ಕೆ ಬಂದವಳೇ ಗೋಡೆಯ ಪಟ್ಟಿ ಕಿತ್ತು ನಾಲ್ಕು ತುಂಡು ಮಾಡಿದೆ. ಇಪ್ಪತ್ಮೂರು ಸಾಲಿನಲ್ಲಿ ತಂಬಾಕು ಎಂಬ ಶಬ್ದವೇ ಇರಲಿಲ್ಲ. ಆ ದಿನ ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಮತ್ತೆ ಯಾರ ಮೇಲೂ ಬಂದಿಲ್ಲ.

ಮರುದಿನವೇ ಗೌರಾಬಾಯಿಯ ಕಟ್ಟೆಗೆ ಹೋದೆ. ಮಹಾದೇವಿಗೆ ಆಗ ಆರು ತಿಂಗಳು ತುಂಬಿತ್ತು. ಹೇಳಬೇಕಾದ್ದನ್ನು ಹೇಳಿದೆ. ಗೌರಾಬಾಯಿ ನಕ್ಕಳು.

"ನೀವೇ ತಿಕ್ತೀರಲ್ರಿ! ಹೇಳೋದು ಪುರಾಣ, ತಿನ್ನೋದು ಬದ್ನಿಕಾಯಿ."

"ಅದಕ್ಕೇ ಬಂದೀನಿ," ಎಂದು ನನ್ನ ಡಬ್ಬಿ ಅವಳ ಕೈಗಿಟ್ಟೆ. "ಇವತ್ತಿಂದ ನಾ ಬಿಟ್ಟೆ. ಮಹಾದೇವಿ ಬಿಡಬೇಕು. ಮನಿಯಾಗ ಡಬ್ಬಿ ಇದ್ರ ಆಕಿಗಿ ಬಿಡಾಕ ಆಗಂಗಿಲ್ಲ. ಅದಕ್ಕ ನೀವೂ ಬಿಡಬೇಕು."

ಆಗ ಅವಳ ನಗು ನಿಂತಿತು. ಡಬ್ಬಿಯನ್ನು ತಿರುವುತ್ತ ಕುಳಿತಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಹಂಗಾದ್ರ ಆ ಎರಡು ಕೂಸು... ಆಕಿಗಿ ಹುರದು ಕೊಟ್ಟಾಕಿ ನಾನೇ ಅಲ್ರಿ?"

ಈ ಕೆಲಸದಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಬರುತ್ತವೆ. ಸುಳ್ಳು ಹೇಳಬೇಡಿ, ಚುಚ್ಚಲೂ ಬೇಡಿ. "ಅದಕ್ಕೇ ಹೋದ್ವು ಅಂತ ಯಾರೂ ಹೇಳಾಕ ಆಗಂಗಿಲ್ರಿ. ಗೊತ್ತಿರಬೇಕಾದಾಕಿ ನಾನು. 'ಇಲ್ಲ' ಅಂತ ಕಾರ್ಡಿನಾಗ ಬರದಾಕಿ ನಾನು," ಎಂದೆ. ಅವಳು ಎದ್ದು ಎರಡೂ ಡಬ್ಬಿಗಳನ್ನು ಬಚ್ಚಲ ಮೋರಿಗೆ ಸುರಿದಳು. ಮಿಶ್ರಿ ಹುರಿಯುವ ಹಂಚನ್ನು ಹಿತ್ತಲಿಗೆ ಎಸೆದಳು. ನಂತರ ಬಂದು ಒಂದು ಕರಾರು ಹಾಕಿದಳು.

"ನೀವು ಬಂದಾಗೆಲ್ಲ ನಮ್ಮ ರಕ್ತ ನೋಡ್ತೀರಿ, ತೂಕ ನೋಡ್ತೀರಿ. ಇನ್ನ ಮ್ಯಾಲ ಮೊದಲ ನಾ ನಿಮ್ಮ ಬೆರಳು ನೋಡ್ತೇನಿ. ಆಮ್ಯಾಲ ನೀವು ನನ್ನ ಸೊಸಿನ ಮುಟ್ಟಬೇಕು."

ಒಪ್ಪಿದೆ. ಬಿಡುವುದು ಎಷ್ಟು ಕಠಿಣ ಎಂದು ಬಿಟ್ಟವರಿಗೇ ಗೊತ್ತು. ತಲೆ ಸಿಡಿಯಿತು, ಬೆಳಿಗ್ಗೆ ಹೊಟ್ಟೆ ಖಾಲಿಯಾಗುತ್ತಿರಲಿಲ್ಲ, ಸಿಕ್ಕವರ ಮೇಲೆಲ್ಲ ರೇಗುತ್ತಿದ್ದೆ. ಮಹಾದೇವಿ ಬಾಯಲ್ಲಿ ಸೋಂಪು ಇಟ್ಟುಕೊಂಡು, ಕೈಗೆ ಕೌದಿ ಹೊಲಿಯುವ ಕೆಲಸ ಹಚ್ಚಿಕೊಂಡು ತಡೆದಳು. ವಾರವಾರ ಗೌರಾಬಾಯಿ ನನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಬಾಯಿ ತಗೀರಿ," ಎಂದು ಒಸಡನ್ನೂ ನೋಡುತ್ತಿದ್ದಳು. ಓಣಿಯ ಹೆಂಗಸರೆಲ್ಲ ಈ ತಮಾಷೆ ನೋಡಲು ನೆರೆಯುತ್ತಿದ್ದರು.

ಒಂದು ವಾರ ಸಿಕ್ಕಿಬಿದ್ದೆ. ಆಳಂದದಲ್ಲಿ ತಂಗಿಯ ಮಗಳ ನಿಶ್ಚಯ. ಹಿರಿಯರ ನಡುವೆ ಡಬ್ಬಿ ಕೈಯಿಂದ ಕೈಗೆ ಬಂತು, ಒಂದೇ ಸಲ ಎಂದು ತಿಕ್ಕಿದೆ. ಸಾಬೂನು ಹಚ್ಚಿ ತೊಳೆದಿದ್ದೆ. ಗೌರಾಬಾಯಿಯ ಕಣ್ಣಿಗೆ ಉಗುರಿನ ಸಂದಿನ ಕಲೆ ಬಿತ್ತು. ಬೈಯಲಿಲ್ಲ. ಗೇಲಿಯನ್ನೂ ಮಾಡಲಿಲ್ಲ. ತನ್ನ ಬೆರಳನ್ನು ನನ್ನ ಬೆರಳಿನ ಪಕ್ಕಕ್ಕಿಟ್ಟಳು. ಐವತ್ತು ವರ್ಷ ಮಿಶ್ರಿ ತಿಕ್ಕಿದ ಬೆರಳಿನ ತುದಿ ಅರಿಶಿನ ಅರೆದು ಹಳದಿಯಾಗಿತ್ತು.

"ಇವತ್ತು ಆಕಿನ್ನ ಮುಟ್ಟಬ್ಯಾಡ್ರಿ. ನಾಳಿ ಬರ್ರಿ," ಎಂದು ಒಳಗೆ ಹೋದಳು.

ಓಣಿಯ ಮಂದಿಯ ಎದುರು ಚೀಲ ಎತ್ತಿಕೊಂಡು ವಾಪಸ್ಸು ನಡೆದೆ. ನನ್ನ ಇಡೀ ನೌಕರಿಯಲ್ಲಿ ಮೇಲಿನವರಿಂದ ನೋಟೀಸು ಬಂದಿದೆ, ಬೈಗುಳ ಬಂದಿದೆ. ಯಾವುದೂ ಹೀಗೆ ನಾಟಲಿಲ್ಲ. ಮರುದಿನ ಹೋದೆ, ಬೆರಳು ತೋರಿಸಿದೆ. ಅಲ್ಲಿಂದ ಇಲ್ಲಿಯವರೆಗೆ ಮುಟ್ಟಿಲ್ಲ.

ದಿನ ತುಂಬಿ ಅಫಜಲಪುರದ ಆಸ್ಪತ್ರೆಯಲ್ಲಿ ಮಹಾದೇವಿಗೆ ಹೆಣ್ಣು ಹುಟ್ಟಿತು. ಮಧ್ಯಾಹ್ನದ ಹೊತ್ತು, ನಾನು ಹೊರಗೆ ಬೆಂಚಿನ ಮೇಲೆ ಗೌರಾಬಾಯಿಯ ಜೊತೆ ಕುಳಿತಿದ್ದೆ. ಒಳಗಿನಿಂದ ಅಳು ಕೇಳಿತು. ಗಟ್ಟಿ ಅಳು. ನರ್ಸು ಬಂದು "ಎರಡು ಕಿಲೋ ಏಳುನೂರು," ಎಂದಳು. ಗೌರಾಬಾಯಿಗೆ ಅದು ಹೆಚ್ಚೋ ಕಡಿಮೆಯೋ ತಿಳಿಯದೆ ನನ್ನ ಮುಖ ನೋಡಿದಳು. ನಾನು ಅವಳ ಹೆಗಲಿಗೆ ತಲೆಯಿಟ್ಟು ಅತ್ತೆ. ಕೂಸು ಹೋಯಿತೆಂದು ತಿಳಿದು ಅವಳೂ ಅಳತೊಡಗಿದಳು. ಆಮೇಲೆ ಬಿಡಿಸಿ ಹೇಳಿದ್ದಕ್ಕೆ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಈಗ ಕೆಲಸದ ರೀತಿ ಬದಲಾಗಿದೆ. ಅಂದು ಗಾಜಿನ ಕೊಳವೆಯಲ್ಲಿ ರಕ್ತದ ಬಣ್ಣ ಹೋಲಿಸಿ ಕಣ್ಣು ಕಿರಿದು ಮಾಡಿ ಓದುತ್ತಿದ್ದೆವು, ಈಗ ಪುಟ್ಟ ಯಂತ್ರ ಅಂಕಿ ತೋರಿಸುತ್ತದೆ. ಕಾರ್ಡಿನ ಜೊತೆ ಮೊಬೈಲಿನಲ್ಲೂ ತುಂಬಬೇಕು. ತಂಬಾಕು ಎಂಬಲ್ಲಿ ಒಂದು ಚೌಕ, ಒತ್ತಿದರೆ ಮುಗಿಯಿತು. ಒತ್ತುವ ಬೆರಳು ಎಂಥದು ಎಂದು ಯಂತ್ರ ಕೇಳುವುದಿಲ್ಲ.

ಇಷ್ಟು ಬರೆದಿದ್ದೆ. ನಿನ್ನೆ ಭಾನುವಾರ ಸುಜಾತಾ ಬಂದಳು. ಹೊಟ್ಟೆ ಸ್ವಲ್ಪ ಕಾಣುತ್ತಿತ್ತು, ಮುಖದಲ್ಲಿ ಕಳೆಯಿತ್ತು. ಚಹಾ ಕೊಡಲಿಲ್ಲ, ನಿಂಬೆಹಣ್ಣಿನ ಪಾನಕ ಮಾಡಿದೆ. ಲೋಟ ತೆಗೆದುಕೊಳ್ಳಲು ಕೈ ಚಾಚಿದಳು. ತೋರುಬೆರಳಿನ ತುದಿ ಕಪ್ಪಗಿತ್ತು.

ನಾನು ನೋಡಿದ್ದನ್ನು ನೋಡಿ ನಕ್ಕಳು. "ಅಯ್ಯ, ಇದಾ ಅಕ್ಕಾರ? ಮುಂಜಾನಿ ಹಲ್ಲಿಗಷ್ಟೇ ರಿ."

"ನಿನ್ನ ತಾಯಿ ಕಾರ್ಡು ಯಾರು ತುಂಬ್ಯಾರ?"

"ನಾನೇ ರಿ."

"ತಂಬಾಕು ಅನ್ನೋ ಕಡಿ ಏನ್ ಬರದಿ?"

ನಗು ಮೆಲ್ಲಗೆ ಇಳಿಯಿತು. ಲೋಟ ಕೆಳಗಿಟ್ಟಳು. ಬೈಯಬೇಕೆಂದು ನಾಲಿಗೆಯವರೆಗೆ ಬಂತು. ತಡೆದು ಈ ಹಾಳೆಗಳನ್ನು ಅವಳ ಕೈಗಿಟ್ಟು, ಇಲ್ಲೇ ಕೂತು ಓದು ಎಂದೆ. ಅವಳು ಓದಿ ಮುಗಿಸುವವರೆಗೆ ನಾನು ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚಿದೆ. ಹೊರಗೆ ಬಂದಾಗ ಪರ್ಸಿನಿಂದ ತೆಗೆದ ಪುಟ್ಟ ಡಬ್ಬಿ ಹಾಳೆಗಳ ಮೇಲಿತ್ತು. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಒಬ್ಬಾಕಿಗೇ ಬಿಡಾಕ ಆಗ್ತದೇನ್ರಿ ಅಕ್ಕಾರ?" ಎಂದಳು.

"ಒಬ್ಬಾಕಿಗೇ ಯಾಕ?" ಎಂದು ಕರಜಗಿಗೆ ಫೋನ್ ಹಚ್ಚಿದೆ. ಗೌರಾಬಾಯಿಗೆ ಈಗ ಕಾಲು ಬರುವುದಿಲ್ಲ, ಕಟ್ಟೆ ಬಿಟ್ಟು ಏಳುವುದಿಲ್ಲ. ಮಹಾದೇವಿಯ ಮಗಳು ಫೋನನ್ನು ಅಜ್ಜಿಯ ಕಿವಿಗೆ ಹಿಡಿದಳು. ಹೊಸ ಸಿಸ್ಟರ್ ನಾಳೆಯಿಂದ ವಾರವಾರ ಬೆರಳು ತೋರಿಸಲು ಬರುತ್ತಾಳೆ, ನಾಲ್ಕು ತಿಂಗಳ ಬಸುರಿ ಎಂದು ಹೇಳಿದೆ.

"ಕಳಸ್ರಿ," ಎಂದಳು ಗೌರಾಬಾಯಿ. "ಕಾಲು ಹೋಗ್ಯಾವ, ಕಣ್ಣು ಇನ್ನಾ ಬರೋಬ್ಬರಿ ಕಾಣ್ತಾವ."